ಸಹಾಯ ಬೇಕು: ಸೈಟ್‌ನಲ್ಲಿ ಕ್ಯೂರಿಂಗ್ (ಹೊಸ ಕಾಂಕ್ರೀಟನ್ನು ಒದ್ದೆಯಾಗಿಡುವುದು) ಬಗ್ಗೆ ಇಂಟರ್ನ್ ಬಾಯಿ ಬಿಡಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಕೊನೆ ವರ್ಷದ ವಿದ್ಯಾರ್ಥಿ. ಮೈಸೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟ್ ಸೈಟ್‌ನಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ.

ಇಲ್ಲಿ ಬಳಸುವುದು ಪಿಪಿಸಿ ಸಿಮೆಂಟ್, ಅಂದರೆ ಹಾರುಬೂದಿ ಬೆರೆಸಿದ್ದು. ಆದರೆ ಸ್ಲ್ಯಾಬ್ ಮೇಲೆ ನೀರು ನಿಲ್ಲಿಸುವುದು ಏಳೇ ದಿನ. ಆಮೇಲೆ ಕಟ್ಟೆ ಒಡೆದು ಇಟ್ಟಿಗೆ ಇಳಿಸುತ್ತಾರೆ. ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಐಎಸ್ 456:2000 ಪ್ರಕಾರ ಒಪಿಸಿಗೆ, ಅಂದರೆ ಬೂದಿ ಬೆರೆಸದ ಸಾಮಾನ್ಯ ಸಿಮೆಂಟ್‌ಗೆ, ಕನಿಷ್ಠ 7 ದಿನ, ಇಂಥ ಬೆರೆಸಿದ ಸಿಮೆಂಟ್‌ಗೆ ಕನಿಷ್ಠ 10 ದಿನ ಒದ್ದೆಯಾಗಿಡಬೇಕು. ಪಿಪಿಸಿ ನಿಧಾನವಾಗಿ ಬಲ ಪಡೆಯುತ್ತದೆ. ಬೇಗ ಒಣಗಿದರೆ ಬೂದಿಯ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಕ್ಯೂಬ್ ರಿಪೋರ್ಟ್ (ಅದೇ ಕಾಂಕ್ರೀಟ್‌ನ ಮಾದರಿ ಗಟ್ಟಿಗಳ ಬಲ ಪರೀಕ್ಷೆ) ಚೆನ್ನಾಗಿಯೇ ಬರುತ್ತಿದೆ. ಆದರೆ ಕ್ಯೂಬ್‌ಗಳು ಅಚ್ಚಿನಿಂದ ತೆಗೆದ ಮೇಲೆ 28ನೇ ದಿನದ ಪರೀಕ್ಷೆಯವರೆಗೂ ತೊಟ್ಟಿಯ ನೀರಲ್ಲೇ ಇರುತ್ತವೆ. ಸ್ಲ್ಯಾಬ್‌ಗೆ ಆ ಭಾಗ್ಯ ಇಲ್ಲವಲ್ಲ!

ಮೇಸ್ತ್ರಿಯನ್ನು ಮೆಲ್ಲಗೆ ಕೇಳಿದೆ. "ಇಪ್ಪತ್ತು ವರ್ಷದಿಂದ ಹಿಂಗೇ ಮಾಡ್ತಿದ್ದೀವಿ ಮರಿ, ಒಂದು ಸ್ಲ್ಯಾಬಾದ್ರೂ ಬಿದ್ದಿದೆಯಾ?" ಅಂದರು. ಬಿದ್ದಿಲ್ಲ, ನಿಜ. ಅವರ ಅನುಭವದ ಮೇಲೆ ನನಗೆ ಗೌರವವೇ ಇದೆ. ಆದರೆ ಬೀಳದೆ ಇರುವುದು ಬೇರೆ, ಮುಂದೆ ಬಿರುಕು ಬಿಟ್ಟು ಸೋರದೆ ಇರುವುದು ಬೇರೆ ಅಲ್ವಾ?

ಸೈಟ್ ಇಂಜಿನಿಯರ್ ಸರ್ ಹತ್ತಿರ ಹೇಳೋಣ ಅಂದರೆ ಹಿಂಜರಿಕೆ. ನನ್ನ ಸರ್ಟಿಫಿಕೇಟ್‌ಗೆ ಸಹಿ ಹಾಕುವವರು ಅವರೇ. ಮೇಸ್ತ್ರಿ ಮೇಲೆ ಚಾಡಿ ಹೇಳಿದ ಹಾಗೂ ಆಗಬಾರದು. ಟ್ಯಾಂಕರ್ ನೀರಿನ ಖರ್ಚು ಜಾಸ್ತಿ, ಅದೇ ಕಾರಣವೂ ಇರಬಹುದು.

ಸೈಟ್ ಅನುಭವ ಇರುವವರು ಹೇಳಿ. ಒದ್ದೆ ಗೋಣಿಚೀಲ ಹೊದಿಸಿ ಕಡಿಮೆ ನೀರಲ್ಲೇ ಇನ್ನು ಮೂರು ದಿನ ನಿಭಾಯಿಸಬಹುದಾ? "ಸರ್, ಹೀಗೆ ಮಾಡಿದರೆ ಆಗುತ್ತಾ?" ಅಂತ ಸುಮ್ನೆ ಸಂಶಯ ಕೇಳುವ ಹಾಗೆ ಶುರು ಮಾಡಲಾ, ಅಥವಾ ಕೋಡ್ ತೋರಿಸಿಯೇ ಮಾತಾಡಲಾ? ಮುಂದಿನ ಸ್ಲ್ಯಾಬ್ ಶುಕ್ರವಾರ ಇದೆ.