ಎರಡು ನಲ್ಲಿ, 64 ಮಕ್ಕಳು: ಬಿಸಿಯೂಟಕ್ಕೆ ಮೊದಲು ಕೈ ತೊಳೆಸುವುದು ಹೇಗೆ?

ಪ್ರಶ್ನೆ (ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯ)
ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 64 ಮಕ್ಕಳಿದ್ದಾರೆ, ನಲ್ಲಿಗಳು ಎರಡೇ. ಕೈ ತೊಳೆಯುವ ಕ್ರಮವನ್ನು ಗೋಡೆಯ ಮೇಲೆ ಚಿತ್ರ ಸಮೇತ ಬರೆಸಿದ್ದೇವೆ. ಆದರೂ ಊಟದ ಗಂಟೆ ಬಾರಿಸಿದೊಡನೆ ಮಕ್ಕಳು ನೀರಿಗೆ ಕೈ ತೋರಿಸಿದ ಶಾಸ್ತ್ರ ಮಾಡಿ, ತಟ್ಟೆ ಹಿಡಿದು ಓಡುತ್ತಾರೆ. ಸೋಪು ಇಟ್ಟರೆ ಎರಡು ದಿನಕ್ಕೆ ಕಾಣೆಯಾಗುತ್ತದೆ. ಮಳೆಗಾಲದಲ್ಲಿ ವಾಂತಿಭೇದಿಯಿಂದ ಗೈರುಹಾಜರಿ ಹೆಚ್ಚುವುದರಿಂದ ಕೇಳುತ್ತಿದ್ದೇನೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕೆಂಬುದನ್ನೂ ತಿಳಿಸಿ.

ಉತ್ತರ 1 (ಮುಖ್ಯ ಶಿಕ್ಷಕಿ)
ಮಕ್ಕಳನ್ನು ಗದರುವ ಮೊದಲು ಲೆಕ್ಕ ಹಾಕಿ, ಸರ್. ಸೋಪು ಉಜ್ಜಲು 20 ಸೆಕೆಂಡು, ತೊಳೆಯಲು 10 ಸೆಕೆಂಡು ಎಂದರೂ ಎರಡು ನಲ್ಲಿಗಳಲ್ಲಿ 64 ಮಕ್ಕಳಿಗೆ 16 ನಿಮಿಷ ಬೇಕು. ಹಸಿದ ಮಗು ಅಷ್ಟು ಹೊತ್ತು ಸಾಲಿನಲ್ಲಿ ನಿಲ್ಲುವುದಿಲ್ಲ. ನಾವು ಉಜ್ಜುವ ಕೆಲಸವನ್ನು ನಲ್ಲಿಯಿಂದ ಜಗಲಿಗೆ ತಂದೆವು. ಒಂದೂವರೆ ಲೀಟರ್ ನೀರಿಗೆ ಸುಮಾರು 30 ಗ್ರಾಂ ಬಟ್ಟೆ ಸೋಪಿನ ಪುಡಿ ಕದಡಿ, ಮುಚ್ಚಳಕ್ಕೆ ತೂತು ಕೊರೆದ ಬಾಟಲಿಯಲ್ಲಿ ತುಂಬಿ, ಗಂಟೆಗೆ ಮೊದಲೇ ಒಬ್ಬ ವಿದ್ಯಾರ್ಥಿ ಎಲ್ಲರ ಅಂಗೈಗೂ ಹಿಂಡುತ್ತಾನೆ. ಉಗುರಿನ ಸಂದಿಯವರೆಗೂ ನೊರೆ ಬಂದವರನ್ನು, ನಲಿಕಲಿಯ ಚಿಕ್ಕವರಿಂದ ಆರಂಭಿಸಿ, ನಲ್ಲಿಗೆ ಕಳಿಸುತ್ತೇವೆ. ಐದಾರು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಬಾಟಲಿಯನ್ನು ಯಾರೂ ಮನೆಗೆ ಒಯ್ಯುವುದಿಲ್ಲ!

ಉತ್ತರ 2 (ಆರೋಗ್ಯ ಸಹಾಯಕ)
ಸಾಮಾನ್ಯವಾಗಿ 1000 ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ 2.5 ಗ್ರಾಂ ಸಾಕು. ಅದನ್ನು ನೇರವಾಗಿ ಟ್ಯಾಂಕಿಗೆ ಸುರಿಯದೆ, ಬಕೆಟ್ಟಿನಲ್ಲಿ ಮೊದಲು ಗಂಜಿಯಂತೆ ಕಲಸಿ, ನೀರು ಬೆರೆಸಿ, ಪುಡಿಯಲ್ಲಿರುವ ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಹಾಕಿ, ಒಂದು ಗಂಟೆ ಬಿಟ್ಟು ಬಳಸಬೇಕು. ಬಾಯಿ ತೆರೆದಿಟ್ಟ ಚೀಲದ ಪುಡಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಟ್ಯಾಂಕಿನ ತಳದಲ್ಲಿ ಕೆಸರಿದ್ದರೆ ಕ್ಲೋರಿನ್ ಅದರಲ್ಲೇ ಮುಗಿದುಹೋಗುವುದರಿಂದ ಮೊದಲು ತಿಕ್ಕಿ ತೊಳೆಸಿ. ಜಂತುಹುಳುವಿಗೆ ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ 400 ಮಿ.ಗ್ರಾಂ ಮಾತ್ರೆ ಹೊಟ್ಟೆಯಲ್ಲಿರುವ ಹುಳುವನ್ನು ಕೊಲ್ಲುತ್ತದೆಯೇ ಹೊರತು, ಮಣ್ಣು ಮೆತ್ತಿದ ಕೈಯಿಂದ ಮೊಟ್ಟೆಗಳು ಮತ್ತೆ ಒಳಸೇರುವುದನ್ನು ತಡೆಯುವುದಿಲ್ಲ.

ಉತ್ತರ 3 (ಬಿಸಿಯೂಟದ ಅಡುಗೆಯವರು)
ಎಲ್ಲರೂ ತೊಳೆಯುವುದನ್ನೇ ಹೇಳಿದ್ದೀರಿ. ನಾನು ಬಡಿಸುವಾಗ ನೋಡುವುದೇನೆಂದರೆ, ಚೆನ್ನಾಗಿ ತೊಳೆದ ಕೈಯನ್ನೇ ಮಕ್ಕಳು ಮಣ್ಣಾದ ಚಡ್ಡಿಗೋ ಲಂಗಕ್ಕೋ ಒರೆಸಿಕೊಂಡು ಬರುತ್ತಾರೆ. ಕೈ ಕೊಡವಿ, ಗಾಳಿಗೆ ಆರಿಸಿಕೊಂಡು ಕೂರುವುದನ್ನೂ ರೂಢಿ ಮಾಡಿಸಿ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ನಮ್ಮದು 500 ಲೀಟರಿನ ಟ್ಯಾಂಕ್, ಅಂದರೆ ಒಂದೂಕಾಲು ಗ್ರಾಂ ಪುಡಿ. ಅಷ್ಟನ್ನು ತೂಗಲು ಅಕ್ಕಸಾಲಿಗರ ಅಂಗಡಿಗೇ ಹೋಗಬೇಕಾದೀತು. ಬಾಟಲಿಯನ್ನು ನಾಳೆಯೇ ಆರಂಭಿಸುತ್ತೇವೆ.