ಗೇಣುದ್ದದ ಚಿಂತೆ

ಹಾಸನದ ಮಹಾರಾಜ ಪಾರ್ಕಿನ ಸಮೀಪದ ಹೋಟೆಲಿನಲ್ಲಿ ಎರಡನೆಯ ಕಾಫಿ ಬರುವ ಹೊತ್ತಿಗೆ, ಮಗನನ್ನು ಬಾಸ್ಕೆಟ್‌ಬಾಲ್ ಬೇಸಿಗೆ ಶಿಬಿರಕ್ಕೆ ಸೇರಿಸಿದ ಸುದ್ದಿಯನ್ನು ರಂಗಣ್ಣನವರು ಮೂರನೆಯ ಸಲ ಹೇಳಿ ಮುಗಿಸಿದ್ದರು. ಆಟದ ಮೇಲಿನ ಪ್ರೀತಿಯಿಂದಲ್ಲ. ಹುಡುಗ ಉದ್ದವಾಗಲಿ ಎಂದು.

“ಆ ಆಟ ಆಡುವವರೆಲ್ಲ ಎಷ್ಟು ಎತ್ತರವಿರುತ್ತಾರೆಂದು ನೀವೇ ಟಿ.ವಿ.ಯಲ್ಲಿ ನೋಡಿಲ್ಲವೇ, ಮೇಷ್ಟ್ರೇ?”

“ನೋಡಿದ್ದೇನೆ. ತೆಂಗಿನಕಾಯಿ ಕೀಳುವವರೂ ಯಾವಾಗಲೂ ಮರದ ತುದಿಯಲ್ಲೇ ಕಾಣಿಸುತ್ತಾರೆ. ಕಾಯಿ ಕಿತ್ತೂ ಕಿತ್ತೂ ಅಷ್ಟೆತ್ತರ ಬೆಳೆದರು ಎನ್ನಲಾದೀತೇ? ಉದ್ದವಿರುವವರನ್ನು ಆರಿಸಿ ಆಟಕ್ಕೆ ಇಳಿಸುತ್ತಾರೆಯೇ ಹೊರತು, ಆಟಕ್ಕೆ ಇಳಿಸಿ ಉದ್ದ ಮಾಡುವುದಿಲ್ಲ. ನಿಮ್ಮ ಮಗನ ಎತ್ತರದ ಬಹುಪಾಲು ನಿಮ್ಮ ಮದುವೆಯ ದಿನವೇ ತೀರ್ಮಾನವಾಗಿ ಹೋಗಿದೆ.”

ಐದಡಿ ಎರಡಿಂಚಿನ ರಂಗಣ್ಣನವರು ಕುರ್ಚಿಯಲ್ಲಿ ನೆಟ್ಟಗಾದರು.

“ಕಂಬಿಗೆ ನೇತಾಡಿದರೂ ಬೆಳೆಯುತ್ತಾರಂತೆ, ಮೊಬೈಲಿನಲ್ಲಿ ಬಂದಿತ್ತು” ಎಂದ ಶೀನಿ.

“ಬಾವಲಿಗಳ ವಂಶವೇ ತಲೆತಲಾಂತರದಿಂದ ನೇತಾಡುತ್ತಿದೆಯಪ್ಪ, ಇನ್ನೂ ಗೇಣು ದಾಟಿಲ್ಲ” ಎಂದ ಮೇಷ್ಟ್ರು ಲೋಟವನ್ನು ಕೆಳಗಿಟ್ಟರು. “ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಕೂಟದಲ್ಲಿ ಮಗ್ಸಿ ಬೋಗ್ಸ್ ಎಂಬ ಆಟಗಾರನಿದ್ದ. ಬಾಲ್ಟಿಮೋರಿನ ಬಡವರ ಕೇರಿಯ ಹುಡುಗ. ನಿಜವಾದ ಹೆಸರು ಟೈರೋನ್. ಎದುರಾಳಿಯ ಕೈಯಿಂದ ಚೆಂಡನ್ನು ದಾರಿಗಳ್ಳನಂತೆ ಕಿತ್ತುಕೊಳ್ಳುತ್ತಿದ್ದುದರಿಂದ ಮಗ್ಸಿ ಎಂಬ ಹೆಸರು ಬಿತ್ತು; ಇಂಗ್ಲಿಷಿನಲ್ಲಿ ‘ಮಗ್’ ಎಂದರೆ ದಾರಿಯಲ್ಲಿ ಅಡ್ಡಗಟ್ಟಿ ದೋಚುವುದು. ಎತ್ತರ ಎಷ್ಟಿದ್ದಾನು, ಹೇಳಿ?”

“ಆರೂವರೆ ಅಡಿ?”

“ಐದಡಿ ಮೂರಿಂಚು. ನಿಮಗಿಂತ ಒಂದಿಂಚು ಹೆಚ್ಚು, ರಂಗಣ್ಣನವರೇ. ಆ ಕೂಟದ ಇತಿಹಾಸದಲ್ಲಿಯೇ ಅವನಷ್ಟು ಕುಳ್ಳ ಇನ್ನೊಬ್ಬನಿಲ್ಲ. 1987ರಲ್ಲಿ ವಾಷಿಂಗ್ಟನ್ ಬುಲೆಟ್ಸ್ ತಂಡವು ಅವನನ್ನು ಆರಿಸಿಕೊಂಡಿತು. ಮರುವರ್ಷ ಹೊಸದಾಗಿ ಹುಟ್ಟಿದ ಷಾರ್ಲಟ್ ಹಾರ್ನೆಟ್ಸ್ ತಂಡಕ್ಕೆ ಹೋಗಿ 1997ರವರೆಗೆ ಅಲ್ಲಿಯೇ ಬೇರೂರಿದ. ಹತ್ತಡಿ ಎತ್ತರದ ಬುಟ್ಟಿಯ ಕೆಳಗೆ 14 ಋತುಗಳ ಕಾಲ ಬಾಳಿ, 6,726 ಸಲ ಜೊತೆಯವರಿಗೆ ಚೆಂಡು ಒದಗಿಸಿ ಅವರಿಂದ ಅಂಕ ಗಳಿಸಿಸಿದ, 1,369 ಸಲ ಚೆಂಡು ಕದ್ದ. ಏಳಡಿಯವರು ಚೆಂಡನ್ನು ನೆಲಕ್ಕೆ ಬಡಿದಾಗ ಅದು ಬಂದು ಬೀಳುವುದು ಇವನ ಸರಹದ್ದಿಗೇ ಅಲ್ಲವೇ? 1993ರಲ್ಲಿ ಏಳಡಿಯ ಪ್ಯಾಟ್ರಿಕ್ ಯೂಯಿಂಗ್ ಬುಟ್ಟಿಗೆ ಎಸೆಯಹೊರಟ ಚೆಂಡನ್ನೂ ಈ ಮಹಾರಾಯ ತಡೆದ.”

“ನಮ್ಮ ಗುಳ್ಳಕಾಯಜ್ಜಿಯ ಕಥೆಯೇ ಆಯಿತಲ್ಲ!” ಎಂದರು ಸಕಲೇಶಪುರದ ಗೌಡರು. “ಚಾವುಂಡರಾಯನ ಕೊಡಗಟ್ಟಲೆ ಹಾಲು ಬೆಳಗೊಳದ ಗೊಮ್ಮಟನ ಪಾದ ಮುಟ್ಟದಿದ್ದಾಗ, ಅಜ್ಜಿಯ ಗುಳ್ಳಕಾಯಿಯಷ್ಟು ಹಾಲು ಮುಟ್ಟಿತಂತೆ. ತೋಟದಲ್ಲಿಯೂ ಅಷ್ಟೇ ಸ್ವಾಮಿ. ಸಿಲ್ವರ್ ಮರ ಎಷ್ಟಾದರೂ ಬೆಳೆದುಕೊಳ್ಳಲಿ ಎಂದು ಬಿಡುತ್ತೇವೆ, ಕಾಫಿ ಗಿಡವನ್ನು ಮಾತ್ರ ಎದೆಮಟ್ಟಕ್ಕೆ ಬರುತ್ತಲೇ ತುದಿ ಕತ್ತರಿಸಿ ಟಾಪಿಂಗ್ ಮಾಡಿಬಿಡುತ್ತೇವೆ. ಕೈಗೆಟುಕದ ಹಣ್ಣು ಯಾರಪ್ಪನ ಸ್ವತ್ತು?”

“ಹಾಗಾದರೆ ಉದ್ದವಿದ್ದು ಪ್ರಯೋಜನವೇ ಇಲ್ಲವೇ?” ಎಂದು ಆರಡಿಯ ಶೀನಿ ನೊಂದುಕೊಂಡ.

“ಇದೆಯಪ್ಪ, ಬಲ್ಬು ಬದಲಾಯಿಸಬಹುದು. ಬೋಗ್ಸ್‌ನ ಮೊದಲ ತಂಡದಲ್ಲಿಯೇ ಮನೂಟ್ ಬೋಲ್ ಎಂಬ ಸೂಡಾನಿನವನೂ ಇದ್ದ, ಏಳಡಿ ಏಳಿಂಚು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ನಡುವೆ ಎರಡಡಿ ನಾಲ್ಕಿಂಚಿನ ಅಂತರ. ಜನ ನಕ್ಕಿದ್ದೇ ನಕ್ಕಿದ್ದು.”

“ಈಗೆಲ್ಲಿದ್ದಾನೆ, ಆ ಉದ್ದನೆಯವನು?”

“2010ರಲ್ಲಿ ತೀರಿಕೊಂಡ. 47 ವರ್ಷ. ಗಳಿಸಿದ್ದರಲ್ಲಿ ಬಹುಪಾಲನ್ನು ಅಂತರ್ಯುದ್ಧದಲ್ಲಿ ನಲುಗಿದ ತನ್ನವರಿಗೆ ಸುರಿದಿದ್ದ. ಫೋಟೋ ನೋಡಿ ನಕ್ಕವರಲ್ಲಿ ಎಷ್ಟು ಮಂದಿಗೆ ಅದು ಗೊತ್ತಿತ್ತೋ.”

ಯಾರೂ ನಗಲಿಲ್ಲ. ಮಾಣಿ ಬಂದು ಲೋಟಗಳನ್ನು ಎತ್ತಿಕೊಂಡು ಹೋದ.

“ಭಾನುವಾರ ಭಾನುವಾರ ಅವನನ್ನು ಬಾಗಿಲವಾಡಕ್ಕೆ ಒರಗಿಸಿ, ತಲೆಯ ಮೇಲೆ ಪಂಚಾಂಗವನ್ನು ಅಡ್ಡಲಾಗಿ ಇಟ್ಟು ಪೆನ್ಸಿಲಿನಲ್ಲಿ ಗೀಟು ಹಾಕುತ್ತೇನೆ” ಎಂದರು ರಂಗಣ್ಣನವರು, ಬಹಳ ಹೊತ್ತಿನ ಮೇಲೆ. “ಐದು ವಾರ ಗೀಟಿನ ಮೇಲೆಯೇ ಗೀಟು ಬಿತ್ತು. ಮೊನ್ನೆ ಅರ್ಧ ಇಂಚು ಏರಿತು.”

“ನೋಡಿದಿರಾ! ಮತ್ತೆ ನೀವು ಆಟದಿಂದ ಬೆಳೆಯುವುದಿಲ್ಲ ಎಂದಿರಲ್ಲ, ಮೇಷ್ಟ್ರೇ!” ಎಂದು ಶೀನಿ ಮೇಜು ಗುದ್ದಿದ.

“ಹಿಮ್ಮಡಿ ಎತ್ತಿದ್ದ ಕಣಯ್ಯ” ಎಂದರು ರಂಗಣ್ಣನವರು. “ನಾನು ನೋಡಿದೆ. ನೋಡಿಯೂ ಗೀಟು ಹಾಕಿದೆ.”