ರೋಹಿಣಿ ಮಳೆ ಹಿಡಿಯಿತು, ಕೊಟ್ಟಿಗೆ ಅರ್ಧಕ್ಕೆ ನಿಂತಿದೆ: ಸಾಮಾನು ಕಾಪಾಡುವುದು ಹೇಗೆ?

ಪ್ರಶ್ನೆ (ಹೊಸನಗರದಿಂದ)

ಆರು ದನ ಕಟ್ಟುವಷ್ಟು ಹೊಸ ಕೊಟ್ಟಿಗೆ ಕಟ್ಟಿಸುತ್ತಿದ್ದೇವೆ. ಪಾಯ ಮುಗಿದಿದೆ, ಒಳಗೆ ಮಣ್ಣು ತುಂಬಿಸಿ ದಮ್ಮಸು ಹೊಡೆದಾಗಿದೆ. ಕಂಬದ ಕಂಬಿಗಳು ಮೇಲೆದ್ದು ನಿಂತಿವೆ. ಮೇಸ್ತ್ರಿ ಬೇರೆ ಕಡೆ ಕೆಲಸ ಹಿಡಿದು ಹೋದರು. ಅಷ್ಟರಲ್ಲಿ ಸಾಮಾನು ಬಂದು ಬಿತ್ತು: 40 ಚೀಲ ಸಿಮೆಂಟು, ಒಂದು ಲೋಡ್ ಜಂಬಿಟ್ಟಿಗೆ (ಕೆಂಪು ಕಲ್ಲಿನ ಇಟ್ಟಿಗೆ), ಕಂಬಿ, ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಮಾಡಿಗೆ ಬೇಕಾದ ಪಕಾಸು (ಇಳಿಜಾರಿನ ಮರ), ರೀಪು (ಅದರ ಮೇಲಿನ ಅಡ್ಡಪಟ್ಟಿ), ಜಿಐ ಶೀಟು (ಸತು ಲೇಪದ ತಗಡು). ಜಾಗ ಗುಡ್ಡದ ಬದಿಯ ಧರೆ ಕಡಿದು ಮಾಡಿದ್ದು. ಮಳೆ ಬಂದ ಕೂಡಲೇ ಮೇಲಿನ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ.

ಅಪ್ಪಯ್ಯ ಎಲ್ಲವನ್ನೂ ನೆಲದ ಮೇಲೇ ಪೇರಿಸಿ, ಟಾರ್ಪಾಲ್ ಹೊದಿಸಿ, ಅಂಚಿಗೆ ಸುತ್ತಲೂ ಕಲ್ಲು ಇಟ್ಟಿದ್ದಾರೆ. ನಿನ್ನೆ ರಾತ್ರಿ ಮಳೆಯೇ ಇರಲಿಲ್ಲ. ಆದರೂ ಬೆಳಿಗ್ಗೆ ಎತ್ತಿ ನೋಡಿದರೆ ಟಾರ್ಪಾಲಿನ ಒಳಮೈಯೆಲ್ಲ ಹನಿ ಹನಿ ನೀರು. ಇದು ಎಲ್ಲಿಂದ ಬರುತ್ತದೆ? ಸಿಮೆಂಟನ್ನು ಮನೆಯ ಅಟ್ಟಕ್ಕೆ ಏರಿಸೋಣವೇ? ದಯವಿಟ್ಟು ಬೇಗ ಹೇಳಿ, ಮೃಗಶಿರ ಹುಟ್ಟಿದರೆ ನಮ್ಮಲ್ಲಿ ಮಳೆ ಬಿಡುವುದಿಲ್ಲ.

ಉತ್ತರ (ಸಾಗರದಿಂದ, ನಿವೃತ್ತ ಸೈಟ್ ಮೇಲ್ವಿಚಾರಕ)

ತಂಗಿ, ಅಟ್ಟಕ್ಕೆ ಮಾತ್ರ ಬೇಡ. ಒಂದು ಚೀಲ 50 ಕೆಜಿ, 40 ಚೀಲ ಅಂದರೆ 2 ಟನ್. ಹಳೇ ಮನೆಯ ಜಂತಿ ಅಷ್ಟು ಭಾರ ಹೊರುತ್ತದೆ ಅಂತ ನಂಬಬಾರದು.

ಆ ಹನಿ ನೆಲದಿಂದ ಎದ್ದದ್ದು. ಒದ್ದೆ ನೆಲ ಆವಿ ಬಿಡುತ್ತಲೇ ಇರುತ್ತದೆ. ರಾತ್ರಿ ಟಾರ್ಪಾಲ್ ತಣ್ಣಗಾದಾಗ ಆ ಆವಿ ಒಳಮೈಗೆ ಹಿಡಿದು, ನೀರಾಗಿ ಸಾಮಾನಿನ ಮೇಲೇ ತೊಟ್ಟಿಕ್ಕುತ್ತದೆ. ನಮ್ಮ ಕಡೆ ಎಲ್ಲರೂ ಆಕಾಶ ನೋಡಿ ಹೊದಿಸುತ್ತಾರೆ, ನೆಲ ನೋಡುವವರು ಕಡಿಮೆ. ಸುತ್ತ ಕಲ್ಲಿಟ್ಟು ಬಿಗಿ ಮಾಡಿದಷ್ಟೂ ಆವಿ ಒಳಗೇ ಉಳಿಯುತ್ತದೆ.

ಮೊದಲು ಧರೆಯ ನೀರು ತಿರುಗಿಸಿ. ಧರೆಯ ಅಂಚಿನಿಂದ ನಾಲ್ಕೈದು ಅಡಿ ಹಿಂದೆ, ಮೇಲ್ಗಡೆ ಒಂದು ಕಾಲುವೆ ಹೊಡೆಸಿ. ಅದರಲ್ಲಿ ನೀರು ನಿಲ್ಲಬಾರದು, ಹರಿದು ಬದಿಗೆ ಹೋಗಬೇಕು. ನಿಂತರೆ ಧರೆಯೊಳಗೇ ಇಂಗಿ ಅದನ್ನೇ ಕುಸಿಸುತ್ತದೆ. ಇದು ಆಗದೆ ಬೇರೆ ಏನು ಮಾಡಿದರೂ ಸುಮ್ನೆ.

ಆಮೇಲೆ ಸಿಮೆಂಟು. ಜಗಲಿ ಇದ್ದರೆ ಅಲ್ಲಿಗೇ ತನ್ನಿ, ಗೋಡೆಯಿಂದ ಒಂದೂವರೆ ಅಡಿ ದೂರ ಇರಲಿ. ಜಗಲಿ ಇಲ್ಲವಾದರೆ ನಿಮ್ಮ ಪಾಯದ ಒಳಗಿನ ದಮ್ಮಸು ಮಾಡಿದ ಜಾಗವೇ ಎತ್ತರ, ಅಲ್ಲಿ ಇಡಿ. ನೆಲಕ್ಕೆ ಒಂದು ದಪ್ಪ ಪ್ಲಾಸ್ಟಿಕ್ ಹಾಸಿ. ಅದರ ಮೇಲೆ ಜಂಬಿಟ್ಟಿಗೆ ಸಾಲು, ಸಾಲಿನ ಮೇಲೆ ಹಲಗೆ. ನೆಲಕ್ಕೂ ಹಲಗೆಗೂ ಆರರಿಂದ ಎಂಟು ಇಂಚು ಅಂತರ ಬೇಕು. ಹಲಗೆಯ ಮೇಲೆ ಇನ್ನೊಂದು ಪ್ಲಾಸ್ಟಿಕ್ ಹರಡಿ, ಚೀಲಗಳನ್ನು ಒತ್ತೊತ್ತಾಗಿ ಪೇರಿಸಿ, ಅದೇ ಪ್ಲಾಸ್ಟಿಕ್ಕನ್ನು ನಾಲ್ಕೂ ಕಡೆಯಿಂದ ಮೇಲಕ್ಕೆ ಎಳೆದು ಮುಚ್ಚಿ. ಎತ್ತರ ಎಂಟು ಚೀಲ ಸಾಕು. ಐಎಸ್ 4082 ಎಂಬ ನಮ್ಮ ದೇಶದ ಮಾನದಂಡವೂ ಹತ್ತಕ್ಕಿಂತ ಜಾಸ್ತಿ ಬೇಡ ಅನ್ನುತ್ತದೆ, ಅಡಿಯ ಚೀಲ ಭಾರಕ್ಕೆ ಗಟ್ಟಿಯಾಗುತ್ತದೆ. ಟಾರ್ಪಾಲನ್ನು ಚೀಲಕ್ಕೆ ತಾಗಿಸದೆ, ಮೇಲೆ ಒಂದು ಗಳ ಕಟ್ಟಿ ಎರಡೂ ಕಡೆ ಇಳಿಜಾರು ಬರುವ ಹಾಗೆ ಎಳೆಯಿರಿ.

ಕಂಬಿಗೂ ಅಷ್ಟೇ, ಕಲ್ಲಿನ ಮೇಲೆ ಎತ್ತಿಡಿ. ತೆಳುವಾಗಿ ಕೆಂಪು ಬಂದರೆ ಹೆದರಬೇಡಿ. ಹೊಪ್ಪಳಿಕೆ ಏಳುವ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ಕೆಸರು ಮೆತ್ತಿದ್ದರೆ ಅದನ್ನಂತೂ ತೊಳೆಯದೆ ಎರಕದೊಳಗೆ ಬಿಡಬಾರದು, ಕಾಂಕ್ರೀಟು ಹಿಡಿಯುವುದಿಲ್ಲ. ಹಳೇ ಕೊಟ್ಟಿಗೆಯ ಗಂಜಲ ಹರಿಯುವ ಕಡೆ, ಉಪ್ಪಿನ ಮೂಟೆ, ಗೊಬ್ಬರದ ಚೀಲದ ಪಕ್ಕ ಇಡಲೇಬೇಡಿ. ಮೇಲೆದ್ದು ನಿಂತ ಕಂಬಿಗಳಿಗೆ ಸಿಮೆಂಟ್ ಹಾಲು (ನೀರಲ್ಲಿ ತೆಳುವಾಗಿ ಕಲಸಿದ ಸಿಮೆಂಟು) ಬಳಿಸಿ.

ಜಂಬಿಟ್ಟಿಗೆ ನೆನೆದರೆ ನಷ್ಟವಿಲ್ಲ. ಪಾಚಿ ಹಿಡಿದರೆ ಮಾತ್ರ ಕಟ್ಟುವ ಮುಂಚೆ ಉಜ್ಜಿ ತೊಳೆಯಬೇಕು. ರಾಶಿಯ ಸಂದಿಯಲ್ಲಿ ಹಾವು ಸೇರುತ್ತದೆ, ತೆಗೆಯುವಾಗ ಜೋಪಾನ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು ಸರ್. ಕಾಲುವೆಗೆ ನಾಳೆ ಆಳು ಹೇಳಿದ್ದೇವೆ. ಅಡಿಯ ಕೆಲವು ಚೀಲ ಮುಟ್ಟಿದರೆ ಈಗಲೇ ಗಟ್ಟಿ. ಬಿಸಾಡಬೇಕೇ?

ಉತ್ತರ (ಸಾಗರದಿಂದ)

ಆತುರ ಬೇಡ. ಚೀಲವನ್ನು ನೆಲದ ಮೇಲೆ ನಾಲ್ಕು ಸಲ ಉರುಳಿಸಿ, ಬಿಚ್ಚಿ, ಒಂದು ಗಡ್ಡೆಯನ್ನು ಬೆರಳಲ್ಲಿ ಹಿಸುಕಿ. ಪುಡಿಯಾದರೆ ಅದು ಬರೀ ಭಾರಕ್ಕೆ ಗಟ್ಟಿಯಾದದ್ದು, ಬಳಸಬಹುದು. ಬೆರಳಿಗೆ ಒಡೆಯದಿದ್ದರೆ ನೀರು ಕುಡಿದು ಕಟ್ಟಿಕೊಂಡಿದೆ ಅಂತ ಅರ್ಥ. ಜರಡಿ ಹಿಡಿದು ಉಳಿದದ್ದನ್ನು ಕಂಬಕ್ಕೆ ಹಾಕೋಣ ಅಂತ ಮೇಸ್ತ್ರಿ ಹೇಳಿದರೂ ಒಪ್ಪಬೇಡಿ. ಆ ಕಂಬದ ಕೆಳಗೆ ನಿಮ್ಮ ದನ ಮಲಗುತ್ತವೆ, ಹಾಲು ಕರೆಯಲು ನೀವು ಕೂರುತ್ತೀರಿ. ಒಳ್ಳೆ ಚೀಲಗಳಲ್ಲೂ ಹಳೆಯದನ್ನು ಮೊದಲು ಖರ್ಚು ಮಾಡಿ. ಮೂರು ತಿಂಗಳು ದಾಟಿದ್ದನ್ನು ಪರೀಕ್ಷೆ ಮಾಡಿಸದೆ ಎರಕಕ್ಕೆ ಹಾಕಬಾರದು.

ಇನ್ನೊಂದು. ಹೊಳವು ಸಿಕ್ಕಾಗ, ಅಂದರೆ ಮಳೆ ಬಿಡುವು ಕೊಟ್ಟಾಗ, ಮೇಸ್ತ್ರಿಯನ್ನು ಕರೆಸಿ ಕಂಬ ಎರಕ ಹೊಯ್ಯಿಸಿ, ಎರಕ ಗಟ್ಟಿಯಾದ ಮೇಲೆ ಮಾಡು ಏರಿಸಿಬಿಡಿ. ಕೊಟ್ಟಿಗೆಗೆ ಗೋಡೆ ಹೇಗೂ ಗಿಡ್ಡ, ಆಮೇಲೆ ಮಾಡಿನ ಕೆಳಗೆ ನಿಂತೇ ಕಟ್ಟಬಹುದು. ಸಾಮಾನಿಗೂ ಅದೇ ಸೂರು. ಎಂ ಸ್ಯಾಂಡ್ ಒದ್ದೆಯಾಗಿದ್ದರೆ ಉಬ್ಬಿರುತ್ತದೆ. ಬಾಂಡ್ಲಿ ಲೆಕ್ಕದಲ್ಲಿ ಅಳೆದರೆ ಮರಳು ಕಡಿಮೆ ಬೀಳುತ್ತದೆ, ಅದಕ್ಕೆ ಸ್ವಲ್ಪ ಜಾಸ್ತಿ ಹಾಕಿ, ಕಲಸುವ ನೀರನ್ನು ಕಡಿಮೆ ಮಾಡಿ ಅಂತ ಮೇಸ್ತ್ರಿಗೆ ನೆನಪಿಸಿ.

ಉತ್ತರ (ಶಿರಸಿಯಿಂದ, ತೋಟದವರು)

ಮೇಲಿನವರು ಮರದ ಬಗ್ಗೆ ಹೇಳಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ ತಂಗಿ. ಸಿಮೆಂಟಿಗೆ ಗಾಳಿ ತಾಗಬಾರದು, ಮರಕ್ಕೆ ಗಾಳಿ ಬೇಕೇ ಬೇಕು. ಎರಡಕ್ಕೂ ಒಂದೇ ಥರ ಹೊದಿಸಿದರೆ ಒಂದು ಹಾಳಾಗುತ್ತದೆ. ಪಕಾಸು, ರೀಪುಗಳನ್ನು ಕಲ್ಲಿನ ಮೇಲೆ ಒಂದು ಅಡಿ ಎತ್ತರಕ್ಕೆ ಇಡಿ. ಪ್ರತಿ ಸಾಲಿನ ನಡುವೆ ಎರಡು ಅಡಿಗೊಂದರಂತೆ ಅಡಿಕೆ ದಬ್ಬೆಯ (ಅಡಿಕೆ ಮರದ ಸೀಳಿನ) ತುಂಡು ಅಡ್ಡ ಇಡಿ. ತುಂಡುಗಳು ಮೇಲಿಂದ ಕೆಳಗೆ ಒಂದೇ ನೇರಕ್ಕೆ ಬರಬೇಕು, ಇಲ್ಲದಿದ್ದರೆ ರೀಪು ಡೊಂಕಾಗುತ್ತದೆ. ದಬ್ಬೆ ಒಣಗಿದ್ದೇ ಆಗಲಿ, ಹಸಿ ದಬ್ಬೆಯಿಂದ ಮರಕ್ಕೆ ಕಲೆ ಬೀಳುತ್ತದೆ. ಮೇಲೆ ಮಾತ್ರ ಮುಚ್ಚಿ, ಪಕ್ಕ ಬಿಡಿ.

ಒರಲೆ (ಗೆದ್ದಲು) ಮಳೆಗಾಲದಲ್ಲೂ ಬಿಡುವುದಿಲ್ಲ. ಕಲ್ಲಿನ ಮೇಲೆ ಮಣ್ಣಿನ ಗೆರೆ ಹತ್ತಿದೆಯೇ ಅಂತ ವಾರಕ್ಕೊಮ್ಮೆ ಬಗ್ಗಿ ನೋಡಿ. ಕಂಡರೆ ಕೆರೆದು ತೆಗೆಯಿರಿ. ರಾಶಿಯ ಕೆಳಗೆ ದರಗು (ಒಣ ಎಲೆ), ಮರದ ಚಕ್ಕೆ ಉಳಿಯಬಾರದು, ಅದು ಒರಲೆಗೆ ದಾರಿ.

ಪ್ರಶ್ನೆ ಕೇಳಿದವರು

ದಬ್ಬೆ ನಮ್ಮಲ್ಲೇ ಬೇಕಾದಷ್ಟಿದೆ ಅಕ್ಕ. ಅಪ್ಪಯ್ಯನಿಗೆ ಓದಿ ಹೇಳಿದೆ, ಮಧ್ಯಾಹ್ನವೇ ಶುರು ಮಾಡುತ್ತಾರಂತೆ. ಜಿಐ ಶೀಟು ನೀರಿಗೇ ಇರುವುದಲ್ವಾ, ಹೊರಗೆ ಬಿಟ್ಟರೆ ಪರವಾಗಿಲ್ಲವೇ?

ಉತ್ತರ (ಸಾಗರದಿಂದ)

ಮಾಡಿನ ಮೇಲೆ ಏರಿದ ಶೀಟಿಗೆ ನೀರು ಬಿದ್ದು ಜಾರಿ ಹೋಗುತ್ತದೆ, ಗಾಳಿಗೆ ಒಣಗುತ್ತದೆ. ಒಂದರ ಮೇಲೊಂದು ಪೇರಿಸಿದ ಶೀಟಿನ ನಡುವೆ ನೀರು ಸೇರಿದರೆ ಒಣಗಲು ದಾರಿಯೇ ಇಲ್ಲ, ಸತುವಿನ ಲೇಪಕ್ಕೆ ಬಿಳಿ ತುಕ್ಕು ಹಿಡಿಯುತ್ತದೆ. ಹಾಗಾಗಿ ನೆಲದಿಂದ ಎತ್ತಿ, ಒಂದು ತುದಿ ಇನ್ನೊಂದಕ್ಕಿಂತ ಅರ್ಧ ಅಡಿ ಮೇಲಿರುವಂತೆ ಓರೆಯಾಗಿ ಇಡಿ. ಈಗಾಗಲೇ ನೆನೆದಿದ್ದರೆ ಕಟ್ಟು ಬಿಚ್ಚಿ, ಒಂದೊಂದನ್ನೇ ಬಟ್ಟೆಯಲ್ಲಿ ಒರೆಸಿ, ಗೋಡೆಗೆ ಒರಗಿಸಿ ಒಣಗಿಸಿ. ಬಿಳಿ ಪುಡಿ ತೆಳುವಾಗಿದ್ದರೆ ಪ್ಲಾಸ್ಟಿಕ್ ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ. ತಂತಿ ಬ್ರಷ್ ಇದಕ್ಕೆ ಬೇಡ, ಸತುವೇ ಕಿತ್ತು ಬರುತ್ತದೆ.